ಮದುವೆ ಮುರಿಯಲು ಕಾನೂನು ಕೇಳುವ ಕಾಲ

“ಇಬ್ಬರೂ ಒಪ್ಪಿದ್ದೇವೆ, ಹಿರಿಯರೂ ಒಪ್ಪಿದ್ದಾರೆ. ಇನ್ನು ಕೋರ್ಟಿಗೇಕೆ ಹೋಗಬೇಕು?” ವಿಚ್ಛೇದನದ ಮಾತು ಬಂದ ಕಡೆಯಲ್ಲೆಲ್ಲ ಈ ಪ್ರಶ್ನೆಯೂ ಬರುತ್ತದೆ. ಪ್ರಶ್ನೆ ನ್ಯಾಯವಾದದ್ದೇ. ಧಾರೆ ಎರೆದು ಸಪ್ತಪದಿ ತುಳಿಯುವಾಗ ಯಾವ ನ್ಯಾಯಾಧೀಶರ ಅಪ್ಪಣೆಯೂ ಬೇಕಿರಲಿಲ್ಲ. ಕೂಡುವಾಗ ಇಲ್ಲದ ಕೋರ್ಟು ಬೇರೆಯಾಗುವಾಗ ಏಕೆ ನಡುವೆ ಬರಬೇಕು?

ಇಬ್ಬರು ಬರೆದುಕೊಂಡ ಕರಾರು ಆ ಇಬ್ಬರನ್ನಷ್ಟೇ ಕಟ್ಟಿಹಾಕುತ್ತದೆ. ಮದುವೆಯಾದರೋ ಇಬ್ಬರಿಗೂ ಒಂದು ಸ್ಥಾನಮಾನ ಕೊಡುತ್ತದೆ, ಆ ಸ್ಥಾನಮಾನದ ಮೇಲೆ ಹೊರಗಿನವರ ಎಷ್ಟೋ ಹಕ್ಕುಗಳು ನಿಂತಿರುತ್ತವೆ. ಮಗುವಿನ ಪಾಲು, ಗಂಡ ಸತ್ತ ಮೇಲೆ ಬರುವ ಕುಟುಂಬ ಪಿಂಚಣಿ, ಆಸ್ತಿಯ ಉತ್ತರಾಧಿಕಾರ, ನಾಳೆ ಇವರಲ್ಲೊಬ್ಬರನ್ನು ಮದುವೆಯಾಗಲು ಬರುವ ಹೊಸ ವ್ಯಕ್ತಿಯ ಬದುಕು ಎಲ್ಲವೂ ಅದನ್ನು ಅವಲಂಬಿಸಿವೆ. ಹಾಗಾಗಿ ಆ ಸ್ಥಾನಮಾನವನ್ನು ತೆಗೆಯುವ ಮಾತು ಎಲ್ಲರನ್ನೂ ಬದ್ಧವಾಗಿಸುವಂತಿರಬೇಕು. ಅಂಥ ಬಲ ಕೋರ್ಟಿನ ಡಿಕ್ರಿಗೆ ಮಾತ್ರ ಇದೆ. ವಿವಾಹ ಸಂಬಂಧದ ತೀರ್ಪುಗಳಿಗೆ ಸಾಮಾನ್ಯ ಸಿವಿಲ್ ತೀರ್ಪುಗಳಿಗಿಲ್ಲದ ಈ ವಿಶೇಷ ಬಲವನ್ನು 1872ರ ಸಾಕ್ಷ್ಯ ಕಾಯ್ದೆಯೇ ಕೊಟ್ಟಿತ್ತು.

ಇದು ತಿಳಿಯದೆ ಆಗುವ ಅನಾಹುತ ಸಣ್ಣದಲ್ಲ. ಛಾಪಾ ಕಾಗದದ ಮೇಲೆ “ಇಂದಿನಿಂದ ನಮ್ಮಿಬ್ಬರಿಗೂ ಯಾವ ಸಂಬಂಧವೂ ಇಲ್ಲ” ಎಂದು ಬರೆಸಿ, ಪಂಚರ ರುಜು ಹಾಕಿಸಿ, ನೋಟರಿಯ ಮೊಹರು ಒತ್ತಿಸಿಕೊಂಡು ಬಿಡುಗಡೆ ಆಯಿತೆಂದು ನಂಬುವವರು ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಇಂದಿಗೂ ಇದ್ದಾರೆ. ಆ ಕಾಗದದಿಂದ ಮದುವೆ ಮುರಿಯುವುದಿಲ್ಲ. ಅದನ್ನು ನಂಬಿ ಮರುಮದುವೆಯಾದರೆ ಎರಡನೆಯ ಮದುವೆ ಅಸಿಂಧು. ಮೇಲಾಗಿ ದ್ವಿಪತ್ನಿತ್ವದ ಅಪರಾಧಕ್ಕೆ ಏಳು ವರ್ಷದವರೆಗೆ ಶಿಕ್ಷೆ ಇದೆ. ಒಂದು ವಿನಾಯಿತಿ ಉಂಟು. ಉತ್ತರ ಕರ್ನಾಟಕದ ಉಡಿಕೆಯಂಥ ಪದ್ಧತಿಗಳಿರುವ ಸಮುದಾಯಗಳಲ್ಲಿ ಬಿಡುಗಡೆ, ಮರುಮದುವೆ ಎರಡೂ ಹಿಂದಿನಿಂದ ನಡೆದುಬಂದಿವೆ. 1955ರ ಹಿಂದೂ ವಿವಾಹ ಕಾಯ್ದೆಯ 29ನೇ ಕಲಂ ಇಂಥ ರೂಢಿಗತ ವಿಚ್ಛೇದನವನ್ನು ಉಳಿಸಿಕೊಂಡಿದೆ. ಆದರೆ ರೂಢಿ ಇದೆ ಎಂದು ಬಾಯಲ್ಲಿ ಹೇಳಿದರೆ ಸಾಲದು. ತಕರಾರು ಬಂದಾಗ ಅದನ್ನು ಕೋರ್ಟಿನಲ್ಲಿ ನಿರ್ದಿಷ್ಟವಾಗಿ ಹೇಳಿ, ಸಾಕ್ಷಿ ಕೊಟ್ಟು ಸಾಬೀತುಪಡಿಸಬೇಕು. ಸುಪ್ರೀಂ ಕೋರ್ಟ್ 2002ರಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿತು. ಮೂವತ್ತು ವರ್ಷದ ನಂತರ ಪಿಂಚಣಿಗಾಗಿ ಇಬ್ಬರು ಹೆಂಡತಿಯರು ಕಚೇರಿ ಅಲೆಯುವ ಪ್ರಕರಣಗಳ ಬೇರು ಎಷ್ಟೋ ಸಲ ಇಂಥ ಒಂದು ಛಾಪಾ ಕಾಗದದಲ್ಲಿರುತ್ತದೆ.

ಕನ್ನಡ ನಾಡಿನಲ್ಲಿ ವಿಚ್ಛೇದನದ ಶಾಸನ ಒಂದೇ ದಿನ ಬಂದದ್ದಲ್ಲ. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಜಿಲ್ಲೆಗಳು ಆಗ ಮುಂಬೈ ಪ್ರಾಂತ್ಯದಲ್ಲಿದ್ದವು. ಅಲ್ಲಿನ ಹಿಂದೂಗಳಿಗೆ 1947ರ ಮುಂಬೈ ಹಿಂದೂ ವಿಚ್ಛೇದನ ಕಾಯ್ದೆ ಮೊದಲು ದಾರಿ ತೆರೆಯಿತು. ಮದರಾಸು ಪ್ರಾಂತ್ಯದಲ್ಲಿದ್ದ ದಕ್ಷಿಣ ಕನ್ನಡ, ಬಳ್ಳಾರಿಗಳಿಗೆ 1949ರಲ್ಲಿ ಇಂಥದ್ದೇ ಕಾಯ್ದೆ ಬಂತು. 1955ರ ಮೇ 18ರಂದು ಹಿಂದೂ ವಿವಾಹ ಕಾಯ್ದೆ ಜಾರಿಯಾದಾಗ ದೇಶದ ಬಹುಭಾಗದ ಹಿಂದೂಗಳಿಗೆ ಒಂದು ನಿಯಮವಾಯಿತು. ಆಗಲೂ ಕ್ರೌರ್ಯ ಮತ್ತು ಪರಿತ್ಯಾಗ ವಿಚ್ಛೇದನಕ್ಕೆ ಕಾರಣಗಳಾಗಿರಲಿಲ್ಲ, ನ್ಯಾಯಿಕ ಪ್ರತ್ಯೇಕತೆಗೆ ಮಾತ್ರ ಸಾಕಾಗುತ್ತಿದ್ದವು. ಹೊಡೆತ ತಿಂದ ಹೆಣ್ಣು ಬೇರೆ ಇರಬಹುದಿತ್ತು, ಬಿಡುಗಡೆ ಪಡೆಯುವಂತಿರಲಿಲ್ಲ. 1976ರ ತಿದ್ದುಪಡಿ ಇವೆರಡನ್ನೂ ವಿಚ್ಛೇದನದ ಕಾರಣಗಳನ್ನಾಗಿ ಮಾಡಿತು, ಪರಸ್ಪರ ಸಮ್ಮತಿಯ ವಿಚ್ಛೇದನವನ್ನೂ ತಂದಿತು.

ಈಗ ಮುಖ್ಯ ವಿಷಯಕ್ಕೆ ಬರೋಣ. ಇಬ್ಬರ ನಡುವಿನ ಪ್ರೀತಿ ಬತ್ತಿದೆಯೇ, ಮನಸ್ಸು ಪೂರ್ತಿ ಮುರಿದಿದೆಯೇ ಎಂದು ನೇರವಾಗಿ ಅಳೆಯುವ ಮಾಪನ ಯಾವ ವಿಜ್ಞಾನದ ಬಳಿಯೂ ಇಲ್ಲ, ನ್ಯಾಯಾಧೀಶರ ಬಳಿಯೂ ಇಲ್ಲ. ಆದ್ದರಿಂದ ಕಾನೂನು ತನಗೆ ಅಳೆಯಲು ಬರುವ ಎರಡು ಸಂಗತಿಗಳನ್ನು ಹಿಡಿದಿದೆ. ಒಂದು ಕಾಲ, ಇನ್ನೊಂದು ಸಾಕ್ಷ್ಯ. ವಿಚ್ಛೇದನದ ಇಡೀ ಪ್ರಕ್ರಿಯೆ ಈ ಎರಡರ ಮೇಲೆ ನಡೆಯುತ್ತದೆ. ಇದನ್ನು ಅರಿತವರಿಗೆ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ ಆಗುವ ಗೊಂದಲ ಅರ್ಧ ಕಡಿಮೆಯಾಗುತ್ತದೆ.

ಕಾಲದ ಲೆಕ್ಕ ನೋಡಿ. ಮದುವೆಯಾಗಿ ಒಂದು ವರ್ಷ ತುಂಬದೆ ವಿಚ್ಛೇದನದ ಅರ್ಜಿ ಹಾಕುವಂತಿಲ್ಲ. ಅಸಾಧಾರಣ ಸಂಕಷ್ಟವಿದ್ದರೆ ಕೋರ್ಟು ಅನುಮತಿ ಕೊಡಬಹುದು. 1955ರಲ್ಲಿ ಈ ಗಡುವು ಮೂರು ವರ್ಷವಿತ್ತು, 1976ರಲ್ಲಿ ಒಂದಕ್ಕೆ ಇಳಿಯಿತು. ಬಿಟ್ಟುಹೋದರು ಎನ್ನಲು ಅರ್ಜಿಯ ಹಿಂದಿನ ಎರಡು ವರ್ಷ ಸತತವಾಗಿ ಬಿಟ್ಟಿರಬೇಕು, ಬಿಡುವ ಉದ್ದೇಶವೂ ಇದ್ದಿರಬೇಕು. ಹೊಡೆತ ತಾಳದೆ ತವರಿಗೆ ಹೋದವಳು ಪರಿತ್ಯಾಗ ಮಾಡಿದಳೆಂದು ಆಗುವುದಿಲ್ಲ. ಹೊರಡುವಂತೆ ಮಾಡಿದವನೇ ಪರಿತ್ಯಾಗ ಮಾಡಿದಂತೆ. ಬದುಕಿದ್ದಾರೆಂಬ ಸುದ್ದಿ, ಸಹಜವಾಗಿ ತಿಳಿಯಬೇಕಾದವರಿಗೂ ಏಳು ವರ್ಷ ಬಾರದಿದ್ದರೆ ಅದೂ ಒಂದು ಕಾರಣ. ನ್ಯಾಯಿಕ ಪ್ರತ್ಯೇಕತೆಯ ಡಿಕ್ರಿಯಾಗಿ ಒಂದು ವರ್ಷವಾದರೂ ಸಂಸಾರ ಮತ್ತೆ ಕೂಡದಿದ್ದರೆ ಇಬ್ಬರಲ್ಲಿ ಯಾರು ಬೇಕಾದರೂ ವಿಚ್ಛೇದನ ಕೇಳಬಹುದು.

ಪರಸ್ಪರ ಸಮ್ಮತಿಯ ದಾರಿ ಬಂದದ್ದು 13ಬಿ ಕಲಮಿನಲ್ಲಿ. ವಕೀಲರ ಮಾತಿನಲ್ಲಿ ಅದು ‘ಮ್ಯೂಚುಯಲ್’. ಕನಿಷ್ಠ ಒಂದು ವರ್ಷ ಬೇರೆ ಬದುಕಿರಬೇಕು, ಕೂಡಿ ಬಾಳಲು ಆಗಿಲ್ಲದಿರಬೇಕು, ಬಿಡಲು ಇಬ್ಬರೂ ಒಪ್ಪಿರಬೇಕು. ಬೇರೆ ಬದುಕುವುದು ಎಂದರೆ ಬೇರೆ ಮನೆಯೇ ಆಗಬೇಕೆಂದಿಲ್ಲ. ಒಂದೇ ಸೂರಿನಡಿ ಇದ್ದೂ ಗಂಡ ಹೆಂಡಿರಾಗಿ ಬದುಕದಿದ್ದರೆ ಅದೂ ಬೇರೆ ಬಾಳ್ವೆಯೇ ಎಂದು 1991ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬೆಂಗಳೂರಿನಂಥ ಊರಿನಲ್ಲಿ ಎರಡು ಬಾಡಿಗೆ ಕಟ್ಟಲಾಗದವರಿಗೆ ಈ ಮಾತು ತುಂಬ ಮುಖ್ಯ. ಇಬ್ಬರೂ ಸೇರಿ ಅರ್ಜಿ ಸಲ್ಲಿಸುವುದು ಮೊದಲ ಹಂತ. ಅಲ್ಲಿಂದ ಆರು ತಿಂಗಳ ನಂತರ, ಹದಿನೆಂಟು ತಿಂಗಳೊಳಗೆ ಮತ್ತೆ ಇಬ್ಬರೂ ಬಂದು ನಮ್ಮ ನಿಲುವು ಬದಲಾಗಿಲ್ಲ ಎನ್ನಬೇಕು. ಅದು ಎರಡನೇ ಹಂತ. ಡಿಕ್ರಿ ಆಗುವವರೆಗೆ ಯಾರೊಬ್ಬರಾದರೂ ಒಪ್ಪಿಗೆ ಹಿಂತೆಗೆದುಕೊಳ್ಳಬಹುದು ಎಂದೂ 1991ರ ಅದೇ ತೀರ್ಪು ಹೇಳಿತು. ಇತ್ಯರ್ಥದ ಹಣವನ್ನು ಡಿಮ್ಯಾಂಡ್ ಡ್ರಾಫ್ಟಿನಲ್ಲಿ ಎರಡು ಭಾಗ ಮಾಡಿ, ಒಂದನ್ನು ಮೊದಲ ಹಂತದಲ್ಲಿ, ಇನ್ನೊಂದನ್ನು ಕೊನೆಯ ದಿನ ನ್ಯಾಯಾಧೀಶರ ಎದುರೇ ಕೊಡುವ ವಾಡಿಕೆ ಬಂದಿರುವುದು ಈ ಕಾರಣಕ್ಕೆ.

ಆ ಆರು ತಿಂಗಳು ಕಾಯಲೇಬೇಕೇ? 2017ರ ಸೆಪ್ಟೆಂಬರ್ 12ರಂದು ಸುಪ್ರೀಂ ಕೋರ್ಟ್ ಈ ಗಡುವು ಕಡ್ಡಾಯವಲ್ಲ ಎಂದಿತು. ಆದರೆ ಮೊದಲ ಅರ್ಜಿಗೆ ಮುನ್ನವೇ ಒಂದೂವರೆ ವರ್ಷ ಬೇರೆ ಇದ್ದಿರಬೇಕು, ರಾಜಿಯ ಎಲ್ಲ ಪ್ರಯತ್ನಗಳೂ ಸೋತಿರಬೇಕು, ಜೀವನಾಂಶ, ಮಗುವಿನ ಪಾಲನೆಯಂಥ ಎಲ್ಲ ಬಾಕಿ ವಿಷಯಗಳೂ ಇತ್ಯರ್ಥವಾಗಿರಬೇಕು, ಕಾಯುವುದರಿಂದ ಸಂಕಟ ಬೆಳೆಯುವುದಷ್ಟೇ ಆಗುವಂತಿರಬೇಕು. ಹಾಗಿದ್ದರೆ ಅವಧಿ ಮನ್ನಾ ಮಾಡಿ ಎಂದು ಮೊದಲ ಹಂತವಾದ ಒಂದು ವಾರಕ್ಕೇ ಅರ್ಜಿ ಕೊಡಬಹುದು.

ಕಾಯಿಸುವುದರ ಹಿಂದೆ ಸದುದ್ದೇಶವಿದೆ. ಸಿಟ್ಟಿನಲ್ಲಿ ಎತ್ತಿದ ಹೆಜ್ಜೆಯನ್ನು ಹಿಂದಿಡಲು ಅವಕಾಶವಿರಲಿ ಎಂಬ ಯೋಚನೆ ಅದು. ಆದರೆ ಆ ಕಾಲ ಖಾಲಿ ಕಾಲವಲ್ಲ. 1967ರಲ್ಲಿ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಎಂಬ ಅಮೆರಿಕದ ಮನೋವೈದ್ಯರು ಬದುಕಿನ 43 ಘಟನೆಗಳು ತರುವ ಒತ್ತಡಕ್ಕೆ ಅಂಕ ಕೊಟ್ಟರು. ಸಂಗಾತಿಯ ಸಾವಿಗೆ 100 ಅಂಕ. ಎರಡನೆಯ ಸ್ಥಾನ ವಿಚ್ಛೇದನಕ್ಕೆ, 73. ಮೂರನೆಯದು ದಂಪತಿ ಬೇರೆಯಾಗಿರುವುದು, 65. ಅದು ಜೈಲುವಾಸಕ್ಕಿಂತ ಎರಡು ಅಂಕ ಹೆಚ್ಚು. ಕಾನೂನು ಕಾಯುವ ಅವಧಿ ಎಂದು ಕರೆಯುವ ಆ ಒಂದು ವರ್ಷ, ಎರಡು ವರ್ಷ ದೇಹ ಮತ್ತು ಮನಸ್ಸಿನ ಲೆಕ್ಕದಲ್ಲಿ ಬದುಕಿನ ಅತಿ ಕಠಿಣ ಕಾಲಗಳಲ್ಲೊಂದು. ಮಕ್ಕಳಿಲ್ಲದ, ಎಲ್ಲವನ್ನೂ ಮಾತಾಡಿ ಮುಗಿಸಿದ ಇಬ್ಬರನ್ನು ಗಡುವಿನ ನೆಪದಲ್ಲಿ ಮತ್ತೆ ಮತ್ತೆ ಕರೆಸುವುದರಿಂದ ಯಾವ ಸಂಸಾರವೂ ಉಳಿಯದು ಎಂದು ನಾನು ನಂಬಿದ್ದೇನೆ.

ಒಪ್ಪಿಗೆ ಇಲ್ಲದಿದ್ದರೆ ದಾರಿ ಉದ್ದ. ಅರ್ಜಿಯನ್ನು ಎಲ್ಲಿ ಹಾಕಬೇಕು? ಮದುವೆಯಾದ ಊರು, ಎದುರುದಾರರು ಈಗಿರುವ ಊರು, ಕೊನೆಯ ಸಲ ಕೂಡಿ ಬಾಳಿದ ಊರು ಇವುಗಳ ಪೈಕಿ ಯಾವುದಾದರೊಂದು. ಅರ್ಜಿದಾರಳು ಹೆಂಡತಿಯಾದರೆ ತಾನೀಗ ವಾಸಿಸುವ ಊರಿನಲ್ಲೇ ಹಾಕಬಹುದು; 2003ರ ತಿದ್ದುಪಡಿ ಕೊಟ್ಟ ಅನುಕೂಲ ಇದು. ಮದುವೆಯ ಫೋಟೊ, ಲಗ್ನಪತ್ರಿಕೆ ಅಥವಾ ನೋಂದಣಿ ಪತ್ರ, ವಿಳಾಸದ ದಾಖಲೆ ಜೊತೆಗಿರುತ್ತವೆ. ಅರ್ಜಿಗೆ ಎಂ.ಸಿ. ನಂಬರ್ ಬೀಳುತ್ತದೆ, ಎದುರುದಾರರಿಗೆ ಸಮನ್ಸ್ ಹೋಗುತ್ತದೆ. ಸಮನ್ಸ್ ತಲುಪಿಯೂ ಬಾರದಿದ್ದರೆ ಪ್ರಕರಣ ಏಕಪಕ್ಷೀಯವಾಗಿ ನಡೆಯುತ್ತದೆ. ನೋಟಿಸು ತೆಗೆದುಕೊಳ್ಳದಿದ್ದರೆ ಕೇಸು ನಿಲ್ಲುತ್ತದೆ ಎಂಬ ನಂಬಿಕೆ ಹಲವರನ್ನು ಮುಳುಗಿಸಿದೆ. ಬಂದು ವಕಾಲತ್ತು ಹಾಕಿ ತಕರಾರು ಸಲ್ಲಿಸುವುದೇ ಕ್ಷೇಮ.

1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆ ಮೊದಲು ರಾಜಿಗೆ ಪ್ರಯತ್ನಿಸಬೇಕು ಎನ್ನುತ್ತದೆ. ಬೆಂಗಳೂರಿನ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ಕೌಟುಂಬಿಕ ನ್ಯಾಯಾಲಯಗಳೂ ಇವೆ, 2007ರಲ್ಲಿ ಶುರುವಾದ ಮಧ್ಯಸ್ಥಿಕೆ ಕೇಂದ್ರವೂ ಇದೆ. ಮಧ್ಯಸ್ಥಿಕೆಯ ಕೋಣೆಯಲ್ಲಿ ಆಡಿದ ಮಾತನ್ನು ಮುಂದೆ ಸಾಕ್ಷ್ಯವಾಗಿ ಬಳಸುವಂತಿಲ್ಲ. ಜನ ಇದನ್ನು ಮತ್ತೆ ಒಂದುಗೂಡಿಸುವ ಒತ್ತಾಯ ಎಂದು ಹೆದರುತ್ತಾರೆ. ಆದರೆ ಅಲ್ಲಿ ಬಗೆಹರಿಯುವ ಎಷ್ಟೋ ಪ್ರಕರಣಗಳು ಗೌರವದಿಂದ ಬೇರೆಯಾಗುವ ಒಪ್ಪಂದದಲ್ಲಿ ಮುಗಿಯುತ್ತವೆ. ಜಗಳದ ಅರ್ಜಿಯನ್ನೇ ಸಮ್ಮತಿಯ ಅರ್ಜಿಯನ್ನಾಗಿ ಬದಲಿಸಿಕೊಳ್ಳಲು ಅಲ್ಲಿ ಅವಕಾಶವಿದೆ. ನಾನು ಯಾರಿಗಾದರೂ ಒಂದೇ ಸಲಹೆ ಕೊಡಬೇಕಾದರೆ, ಮಧ್ಯಸ್ಥಿಕೆಯ ಆ ಕೆಲವು ಬೈಠಕ್‌ಗಳನ್ನು ತಪ್ಪಿಸಿಕೊಳ್ಳಬೇಡಿ ಎನ್ನುತ್ತೇನೆ.

ರಾಜಿ ಆಗದಿದ್ದರೆ ವಿಚಾರಣೆ. ವಿವಾದಾಂಶಗಳನ್ನು ಗೊತ್ತುಪಡಿಸಿದ ಮೇಲೆ ಅರ್ಜಿದಾರರು ಮುಖ್ಯ ವಿಚಾರಣೆಯ ಪ್ರಮಾಣಪತ್ರ ಸಲ್ಲಿಸುತ್ತಾರೆ, ದಾಖಲೆಗಳು ನಿ.ಪಿ.1, ನಿ.ಪಿ.2 ಎಂದು ಗುರುತಾಗುತ್ತವೆ. ನಂತರ ಪಾಟಿ ಸವಾಲು. ಸಾಕ್ಷಿ ಕಟಕಟೆಯಲ್ಲಿ ನಿಂತವರಿಗೆ ಎದುರು ವಕೀಲರು ಕೇಳುವ ಪ್ರಶ್ನೆಗಳು ಬಹುತೇಕ ಚಿಕ್ಕವು. ಮದುವೆಯಾದ ಮೇಲೆ ಬಂದ ಎರಡನೇ ಯುಗಾದಿಯಲ್ಲಿ ಎಲ್ಲಿದ್ದಿರಿ? ಹೊಡೆದ ದಿನ ಯಾವ ಆಸ್ಪತ್ರೆಗೆ ಹೋದಿರಿ? ಪೊಲೀಸರಿಗೆ ಏಕೆ ಹೇಳಲಿಲ್ಲ? ಉತ್ತರವನ್ನು ನ್ಯಾಯಾಧೀಶರು ವಾಕ್ಯ ಮಾಡಿ ಹೇಳುತ್ತಾರೆ, ಬೆರಳಚ್ಚುಗಾರರು ಟೈಪ್ ಮಾಡುತ್ತಾರೆ. “ನಾನಾಗಿಯೇ ಮನೆ ಬಿಟ್ಟು ಹೋದೆ ಎಂದರೆ ಸರಿಯಲ್ಲ. ನನ್ನ ತಂದೆ ಬಂದು ಕರೆದುಕೊಂಡು ಹೋದರು ಎಂದರೆ ಸರಿ.” ವರ್ಷಗಳ ಅವಮಾನ, ಅಳು, ಮೌನ ಎಲ್ಲವೂ ಈ ‘ಸರಿ’, ‘ಸರಿಯಲ್ಲ’ಗಳೊಳಗೆ ಹಿಡಿಸಬೇಕು. ಹೇಳಿದವರಿಗೆ ನನ್ನ ಕತೆ ಇದಷ್ಟೇ ಅಲ್ಲ ಎನಿಸುವುದು ಸಹಜ. ಕೋರ್ಟಿಗೆ ಬೇಕಾದದ್ದು ಆ ಕತೆಯಲ್ಲಿ ಸಾಬೀತಾಗುವ ಭಾಗ. ದಿನಾಂಕಗಳನ್ನು, ಆಸ್ಪತ್ರೆಯ ಚೀಟಿಯನ್ನು, ಸಂದೇಶಗಳನ್ನು ಮೊದಲೇ ಕ್ರಮವಾಗಿ ಬರೆದಿಟ್ಟುಕೊಂಡವರು ಇಲ್ಲಿ ಕಂಗೆಡುವುದಿಲ್ಲ.

ಸಾಬೀತು ಎಂದರೆ ಎಷ್ಟು? ಕೊಲೆ ಪ್ರಕರಣದಂತೆ ಸಂಶಯಾತೀತವಾಗಿ ಸಾಬೀತಾಗಬೇಕಿಲ್ಲ. 1975ರ ದಾಸ್ತಾನೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸಂಭವನೀಯತೆಯ ಭಾಷೆಯಲ್ಲಿ ವಿವರಿಸಿತು: ಎರಡು ಕಡೆಯ ಮಾತನ್ನೂ ತೂಗಿದಾಗ ನಡೆದಿರುವ ಸಾಧ್ಯತೆ ನಡೆಯದಿರುವ ಸಾಧ್ಯತೆಗಿಂತ ಹೆಚ್ಚಿದ್ದರೆ ಸಾಕು. ಅದೇ ತೀರ್ಪಿನ ಇನ್ನೊಂದು ಭಾಗವನ್ನು ಜನ ಮರೆಯುತ್ತಾರೆ. ಹೆಂಡತಿಯ ವರ್ತನೆ ಕ್ರೌರ್ಯವೇ ಎಂದು ಕೋರ್ಟು ಒಪ್ಪಿತು, ಆದರೂ ಗಂಡನಿಗೆ ನ್ಯಾಯಿಕ ಪ್ರತ್ಯೇಕತೆ ಸಿಗಲಿಲ್ಲ. ಆ ನಂತರವೂ ಇಬ್ಬರೂ ಸಂಸಾರ ನಡೆಸಿದ್ದರಿಂದ ಅವನು ಅದನ್ನು ಕ್ಷಮಿಸಿದಂತಾಯಿತು ಎಂಬುದು ಕಾರಣ. ಕ್ರೌರ್ಯ ಎಂದರೆ ಏಟು ಮಾತ್ರವಲ್ಲ. ಮಾನಸಿಕ ಕ್ರೌರ್ಯದ ಹಲವು ಮಾದರಿಗಳನ್ನು 2007ರಲ್ಲಿ ಸುಪ್ರೀಂ ಕೋರ್ಟ್ ಪಟ್ಟಿ ಮಾಡಿ, ಈ ಪಟ್ಟಿ ಪೂರ್ಣವಲ್ಲ ಎಂದೂ ಸೇರಿಸಿತು. ಅರ್ಜಿಯಲ್ಲಿ ಬರೆದ ನಡತೆಗೆಟ್ಟವಳು, ನಡತೆಗೆಟ್ಟವನು ಎಂಬ ಆರೋಪ ಸಾಬೀತಾಗದಿದ್ದರೆ ಆ ಆರೋಪವೇ ಕ್ರೌರ್ಯವಾಗುತ್ತದೆ. ಕೇಸು ಗಟ್ಟಿಯಾಗಲಿ ಎಂದು ಇಲ್ಲದ್ದನ್ನು ಬರೆಸುವವರು ಇದನ್ನು ಗಮನಿಸಬೇಕು.

ಕಾನೂನಿನ ಈ ಅಧ್ಯಾಯದಲ್ಲಿ ವೈದ್ಯವಿಜ್ಞಾನದ ಹೆಜ್ಜೆಗುರುತುಗಳೂ ಇವೆ. ಕುಷ್ಠರೋಗ ವಿಚ್ಛೇದನಕ್ಕೆ ಕಾರಣವಾಗಿತ್ತು. ಬಹು ಔಷಧ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಶಿಫಾರಸು ಮಾಡಿತು, ರೋಗ ಪೂರ್ತಿ ಗುಣವಾಗತೊಡಗಿತು. ಆದರೂ ಕಾನೂನಿನ ಪುಸ್ತಕದಿಂದ ಆ ಪದ ಹೋಗಲು 2019ರವರೆಗೆ ಕಾಯಬೇಕಾಯಿತು. ಮಾನಸಿಕ ಅಸ್ವಾಸ್ಥ್ಯ ಈಗಲೂ ಒಂದು ಕಾರಣ. ಆದರೆ ಚೀಟಿಯಲ್ಲಿ ಸ್ಕಿಜೋಫ್ರೇನಿಯಾ ಎಂದು ಬರೆದಿದ್ದ ಮಾತ್ರಕ್ಕೆ ಡಿಕ್ರಿ ಸಿಗುವುದಿಲ್ಲ. ರೋಗದ ಹೆಸರಿಗಿಂತ ಅದರ ತೀವ್ರತೆ ಮುಖ್ಯ, ಕೂಡಿ ಬಾಳಲು ಆಗದಷ್ಟು ಇದೆಯೇ ಎಂಬುದು ಪ್ರಶ್ನೆ ಎಂದು 1988ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮಾತ್ರೆ ನುಂಗಿ ಕೆಲಸಕ್ಕೆ ಹೋಗಿ ಮನೆ ನಡೆಸುವ ಲಕ್ಷಾಂತರ ಜನರನ್ನು ಕಾಪಾಡುವ ತೀರ್ಪು ಅದು.

ಡಿಎನ್‌ಎ ಪರೀಕ್ಷೆಯ ವಿಷಯದಲ್ಲಿ ಕೋರ್ಟುಗಳು ಬೇಕೆಂದೇ ಹಿಂದೆ ನಿಲ್ಲುತ್ತವೆ. ವಿವಾಹಬಂಧನದಲ್ಲಿ ಹುಟ್ಟಿದ ಮಗು ಗಂಡನದೇ ಎಂಬ ನಿಯಮ 1872ರಿಂದ ಇದೆ, ಹೊಸ ಸಾಕ್ಷ್ಯ ಅಧಿನಿಯಮದಲ್ಲೂ ಮುಂದುವರಿದಿದೆ. ಹೆಂಡತಿಯ ಮೇಲಿನ ಅನುಮಾನ ಸಾಬೀತುಪಡಿಸಲು ಮಗುವಿನ ರಕ್ತ ಪರೀಕ್ಷಿಸಿ ಎಂಬ ಬೇಡಿಕೆಯನ್ನು 2023ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ನಿಖರವಾದ ಪರೀಕ್ಷೆ ಕೈಯಲ್ಲಿದ್ದರೂ ಬಳಸದಿರುವುದು ವಿಜ್ಞಾನಕ್ಕೆ ವಿರುದ್ಧ ಎನಿಸಬಹುದು. ಆದರೆ ಆ ಉತ್ತರದ ಬೆಲೆ ತೆರುವುದು ಜಗಳದಲ್ಲಿ ಪಾಲಿಲ್ಲದ ಮಗು. ಕೋರ್ಟಿನ ಹಿಂಜರಿಕೆ ಸರಿ ಎಂದೇ ನನ್ನ ಅನಿಸಿಕೆ. ದಂಪತಿಯ ನಡುವಿನ ಫೋನ್ ಮಾತನ್ನು ಗುಟ್ಟಾಗಿ ದಾಖಲಿಸಿದ್ದರೆ ಅದನ್ನು ಇಂಥ ಪ್ರಕರಣದಲ್ಲಿ ಸಾಕ್ಷ್ಯವಾಗಿ ನೋಡಬಹುದು ಎಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಆದರೆ ಕಡತವನ್ನು ತಿದ್ದಿಲ್ಲ ಎಂದು ತೋರಿಸಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಸಾಕ್ಷ್ಯ ಅಧಿನಿಯಮದ ಪ್ರಮಾಣಪತ್ರದಲ್ಲಿ ಕಡತದ ಹ್ಯಾಶ್ ಮೌಲ್ಯ ನಮೂದಿಸಬೇಕು. ಹ್ಯಾಶ್ ಎಂದರೆ ಇಡೀ ಕಡತವನ್ನು ಗಣಿತದ ಸೂತ್ರದಲ್ಲಿ ಹಾಯಿಸಿದಾಗ ಸಿಗುವ ಅಕ್ಷರ-ಅಂಕಿಗಳ ಚಿಕ್ಕ ಸಾಲು. ಒಂದು ಸೆಕೆಂಡಿನ ಧ್ವನಿ ಕತ್ತರಿಸಿದರೂ ಅದು ಬೇರೆಯಾಗುತ್ತದೆ. ವಾಟ್ಸ್‌ಆ್ಯಪ್‌ನ ಸ್ಕ್ರೀನ್‌ಶಾಟ್ ಒಂದನ್ನೇ ನಂಬಿ ಮೂಲ ಫೋನನ್ನು ಮಾರಿದವರು ಕಷ್ಟಕ್ಕೆ ಸಿಲುಕುತ್ತಾರೆ.

ಹಣದ ವಿಷಯ. ವಿಚಾರಣೆ ನಡೆಯುತ್ತಿರುವಾಗಲೇ ಆದಾಯವಿಲ್ಲದವರು ಮಧ್ಯಂತರ ಜೀವನಾಂಶ, ಕೋರ್ಟ್ ಖರ್ಚು ಕೇಳಬಹುದು. ಹಿಂದೂ ವಿವಾಹ ಕಾಯ್ದೆಯ 24ನೇ ಕಲಂ ಈ ಹಕ್ಕನ್ನು ಗಂಡ ಹೆಂಡತಿ ಇಬ್ಬರಿಗೂ ಕೊಟ್ಟಿದೆ, ಸಾಧ್ಯವಾದಷ್ಟು 60 ದಿನಗಳಲ್ಲಿ ತೀರ್ಮಾನಿಸಿ ಎಂದೂ ಹೇಳಿದೆ. ಸಂಬಳದ ನಾಲ್ಕನೇ ಒಂದು ಭಾಗ, ಮೂರನೇ ಒಂದು ಭಾಗ ಎಂದೆಲ್ಲ ಜನ ಲೆಕ್ಕ ಹೇಳುತ್ತಾರೆ. ಕಾಯ್ದೆಯಲ್ಲಿ ಅಂಥ ಸೂತ್ರವಿಲ್ಲ. ಮದುವೆ ಎಷ್ಟು ಕಾಲ ನಡೆಯಿತು, ಇಬ್ಬರ ದುಡಿಮೆ ಎಷ್ಟು, ಮಗು ಯಾರ ಬಳಿ ಇದೆ, ಮನೆಗಾಗಿ ಯಾರು ಕೆಲಸ ಬಿಟ್ಟರು ಎಂಬುದನ್ನೆಲ್ಲ ನೋಡಿ ಮೊತ್ತ ನಿಗದಿಯಾಗುತ್ತದೆ. ಹಿಂದೆ ಈ ಹಂತದಲ್ಲಿ ಸುಳ್ಳಿನ ಪೈಪೋಟಿ ನಡೆಯುತ್ತಿತ್ತು; ಆತ ಸಂಬಳ ಮುಚ್ಚಿಡುತ್ತಿದ್ದ, ಈಕೆ ಉದ್ಯೋಗ ಮುಚ್ಚಿಡುತ್ತಿದ್ದಳು. ಸುಪ್ರೀಂ ಕೋರ್ಟಿನ 2020ರ ನವೆಂಬರ್ 4ರ ತೀರ್ಪಿನ ನಂತರ ಇಬ್ಬರೂ ಆಸ್ತಿ, ಸಾಲ, ಆದಾಯ, ಖರ್ಚುಗಳ ಪ್ರಮಾಣಪತ್ರ ಸಲ್ಲಿಸಲೇಬೇಕು, ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಾಕಬೇಕು. ವಾಯಿದೆ ಮುಂದೂಡಿಸಿ ಹಣ ಉಳಿಸಿಕೊಳ್ಳುವ ತಂತ್ರದ ಬುಡಕ್ಕೆ ಪೆಟ್ಟು ಬಿದ್ದದ್ದು ಇದರಿಂದ.

ಮಕ್ಕಳ ವಿಷಯದಲ್ಲಿ ತಂದೆಯ ಹಕ್ಕು, ತಾಯಿಯ ಹಕ್ಕು ಎಂಬುದಕ್ಕಿಂತ ಮಗುವಿನ ಕ್ಷೇಮವೇ ಪರಮ ಎಂದು ಹಿಂದೂ ಮಕ್ಕಳ ಪೋಷಕತ್ವದ 1956ರ ಕಾಯ್ದೆ ಹೇಳುತ್ತದೆ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ. ತಂದೆ ತಾಯಿ ಬೇರೆಯಾದರೆ ಮಕ್ಕಳು ಹಾಳಾಗುತ್ತಾರೆ ಎಂಬ ಭಯ ನಮ್ಮಲ್ಲಿ ಆಳವಾಗಿದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಮೇವಿಸ್ ಹೆದರಿಂಗ್ಟನ್ ಸುಮಾರು 1,400 ಕುಟುಂಬಗಳನ್ನು ಮೂರು ದಶಕ ಹಿಂಬಾಲಿಸಿ ನೋಡಿದರು. ಗಂಭೀರ ಮಾನಸಿಕ, ಸಾಮಾಜಿಕ ತೊಂದರೆ ಕಂಡದ್ದು ಬೇರೆಯಾದವರ ಮಕ್ಕಳಲ್ಲಿ ಶೇ. 25, ಕೂಡಿದ್ದವರ ಮಕ್ಕಳಲ್ಲಿ ಶೇ. 10. ಅಪಾಯ ಹೆಚ್ಚುತ್ತದೆ ಎಂಬುದು ನಿಜ, ನಾಲ್ವರಲ್ಲಿ ಮೂವರು ಚೆನ್ನಾಗಿಯೇ ಬೆಳೆಯುತ್ತಾರೆ ಎಂಬುದೂ ಅಷ್ಟೇ ನಿಜ. ಆ ದೇಶದ ಅಂಕಿಯನ್ನು ನಮ್ಮ ಮನೆಗೆ ಹಾಗೇ ತರಲಾಗದು. ಆದರೂ ಭೇಟಿಯ ವೇಳಾಪಟ್ಟಿ, ಬೇಸಿಗೆ ರಜೆ, ಶಾಲೆಯ ಫೀಜು, ಅಜ್ಜಿಯ ಮನೆಗೆ ಹೋಗುವ ದಿನ ಎಲ್ಲವನ್ನೂ ಒಪ್ಪಂದದಲ್ಲಿ ಬಿಡಿಸಿ ಬರೆದರೆ ಮಗುವಿನ ಎದುರು ನಡೆಯುವ ಜಗಳ ಕಡಿಮೆಯಾಗುತ್ತದೆ, ಅದಕ್ಕಾಗಿ ವಕೀಲರ ಬಳಿ ಒಂದು ಸಂಜೆ ಹೆಚ್ಚು ಕುಳಿತರೆ ನಷ್ಟವಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಹೆಚ್ಚಾಗಿ ಹಿಂದೂ ವಿವಾಹ ಕಾಯ್ದೆಯದು. ಬೌದ್ಧ, ಜೈನ, ಸಿಖ್ಖರಿಗೂ ಅದೇ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರಿಗೆ 1954ರ ಆ ಕಾಯ್ದೆಯೇ ಬಿಡುಗಡೆಯ ದಾರಿ. ಕ್ರೈಸ್ತರಿಗೆ 1869ರ ಕಾಯ್ದೆ. 2001ರಲ್ಲಿ ಅದನ್ನು ತಿದ್ದಿ ಸಮ್ಮತಿಯ ವಿಚ್ಛೇದನಕ್ಕೆ ಎರಡು ವರ್ಷದ ಬೇರೆ ವಾಸ ಎಂದು ಇಟ್ಟಿದ್ದನ್ನು ಕರ್ನಾಟಕ ಹೈಕೋರ್ಟ್ ಉಳಿದವರಂತೆ ಒಂದು ವರ್ಷ ಎಂದೇ ಓದಬೇಕೆಂದಿತು. ಮುಸ್ಲಿಂ ಮಹಿಳೆಗೆ 1939ರ ಕಾಯ್ದೆ ಇದೆ. ಗಂಡ ನಾಲ್ಕು ವರ್ಷ ನಾಪತ್ತೆಯಾದರೆ, ಎರಡು ವರ್ಷ ಜೀವನಕ್ಕೆ ಕೊಡದಿದ್ದರೆ ಕೋರ್ಟಿಗೆ ಹೋಗಬಹುದು. ಒಂದೇ ಉಸಿರಿನ ತ್ರಿವಳಿ ತಲಾಖನ್ನು 2017ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ರದ್ದುಮಾಡಿತು, 2019ರಿಂದ ಅದು ಅಪರಾಧವೂ ಹೌದು. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇರುವ ಕನ್ನಡಿಗರು ಒಂದು ಮಾತು ನೆನಪಿಡಬೇಕು. ಅಲ್ಲಿನ ಕೋರ್ಟಿನ ಡಿಕ್ರಿ ಇಲ್ಲಿ ತಾನಾಗಿ ನಡೆಯುವುದಿಲ್ಲ. ನಮ್ಮ ಕಾಯ್ದೆಯಲ್ಲಿರುವ ಕಾರಣದ ಮೇಲೆ ಆಗಿರಬೇಕು, ಎದುರಿನವರು ತಾವಾಗಿ ಆ ಕೋರ್ಟಿಗೆ ಒಪ್ಪಿ ಹಾಜರಾಗಿರಬೇಕು ಎಂಬುದು 1991ರಿಂದ ಇರುವ ನಿಯಮ.

ಒಬ್ಬರು ಬಿಡಲು ಸಿದ್ಧ, ಇನ್ನೊಬ್ಬರು ಒಪ್ಪುವುದಿಲ್ಲ, ಯಾರ ತಪ್ಪೂ ಸಾಬೀತಾಗುವುದಿಲ್ಲ, ಇಬ್ಬರೂ ಹತ್ತು ವರ್ಷದಿಂದ ಬೇರೆ ಇದ್ದಾರೆ. ಹಾಗಿದ್ದರೆ? ನಮ್ಮ ಕೌಟುಂಬಿಕ ನ್ಯಾಯಾಲಯದ ಕೈ ಅಲ್ಲಿ ಕಟ್ಟಿದೆ. ಸರಿಪಡಿಸಲಾಗದಂತೆ ಮುರಿದಿದೆ ಎಂಬುದನ್ನೇ ಕಾರಣವಾಗಿ ಸೇರಿಸಿ ಎಂದು ಕಾನೂನು ಆಯೋಗ ತನ್ನ 71ನೇ ವರದಿಯಲ್ಲಿ ಹೇಳಿದ್ದು 1978ರಲ್ಲಿ. ಮೂರು ವರ್ಷದ ಬೇರೆ ವಾಸವನ್ನು ಅಳತೆಯಾಗಿಸಿ 2010ರಲ್ಲಿ ಮಸೂದೆ ಬಂತು, 2013ರಲ್ಲಿ ರಾಜ್ಯಸಭೆ ಒಪ್ಪಿತು, ಲೋಕಸಭೆಯ ಅವಧಿ ಮುಗಿದು ಬಿದ್ದುಹೋಯಿತು. 2023ರ ಮೇ 1ರಂದು ಐವರು ನ್ಯಾಯಮೂರ್ತಿಗಳ ಪೀಠ, ಸಂವಿಧಾನದ 142ನೇ ವಿಧಿಯಡಿ ಸುಪ್ರೀಂ ಕೋರ್ಟ್ ಮಾತ್ರ ಇಂಥ ಮದುವೆಯನ್ನು ಕೊನೆಗಾಣಿಸಬಹುದು ಎಂದಿತು. ಆರು ವರ್ಷ ಮೀರಿದ ಬೇರೆ ವಾಸವನ್ನು ಗಣನೆಗೆ ಬರುವ ಅಂಶ ಎಂದಿತು. ದೆಹಲಿಯವರೆಗೆ ಹೋಗಬಲ್ಲವರಿಗೆ ದಾರಿ, ಹೋಗಲಾರದವರಿಗೆ ಇಲ್ಲ. 2011ರ ಜನಗಣತಿಯಲ್ಲಿ ವಿಚ್ಛೇದಿತರು ಸುಮಾರು 13.6 ಲಕ್ಷ, ಡಿಕ್ರಿಯಿಲ್ಲದೆ ಬೇರೆ ವಾಸಿಸುವವರು ಅದರ ಎರಡು ಪಟ್ಟಿಗೂ ಹೆಚ್ಚು, ಅವರಲ್ಲಿ ಹೆಚ್ಚಿನವರು ಹೆಂಗಸರು. ಹೆಂಡತಿಗೆ ಆರ್ಥಿಕ ಭದ್ರತೆಯ ಷರತ್ತಿನೊಂದಿಗೆ ಸಂಸತ್ತು ಆ ಮಸೂದೆಯನ್ನು ಮತ್ತೆ ಕೈಗೆತ್ತಿಕೊಳ್ಳಬೇಕು. ಕಾಲವನ್ನೇ ಅಳತೆಗೋಲಾಗಿ ಹಿಡಿದ ಕಾನೂನು ಹತ್ತು ವರ್ಷದ ಬೇರೆ ವಾಸವನ್ನು ಕಾಣದಂತಿರುವುದು ಅನ್ಯಾಯ.

ಡಿಕ್ರಿ ಬಂದ ದಿನವೇ ಎಲ್ಲ ಮುಗಿಯುವುದಿಲ್ಲ. ಜಗಳದ ಪ್ರಕರಣದಲ್ಲಿ ಮೇಲ್ಮನವಿಯ ಗಡುವು ದಾಟುವವರೆಗೆ, ಮೇಲ್ಮನವಿ ಹಾಕಿದ್ದರೆ ಅದು ವಜಾ ಆಗುವವರೆಗೆ ಮರುಮದುವೆಯಾಗುವಂತಿಲ್ಲ. ಸಮ್ಮತಿಯ ಡಿಕ್ರಿಗೆ ಮೇಲ್ಮನವಿ ಇಲ್ಲ. ಎರಡರಲ್ಲೂ ಡಿಕ್ರಿಯ ದೃಢೀಕೃತ ಪ್ರತಿಗಳನ್ನು ನಾಲ್ಕೈದು ತೆಗೆಸಿಟ್ಟುಕೊಳ್ಳಿ. ಛಾಪಾ ಕಾಗದಕ್ಕೆ ರುಜು ಹಾಕಿ ಎಂದು ಯಾರಾದರೂ ಒತ್ತಾಯಿಸಿದರೆ ಹಾಕುವ ಮುನ್ನ ನಿಮ್ಮ ತಾಲ್ಲೂಕು ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ ಕೇಳಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯದ ಮಿತಿ ನೋಡದೆ ವಕೀಲರನ್ನು ಉಚಿತವಾಗಿ ಕೊಡಬೇಕೆಂದು 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆ ಹೇಳುತ್ತದೆ. ಪ್ರಾಧಿಕಾರದ ಸಹಾಯವಾಣಿ 15100.